ಇ.ಸಿ. ‘ನಿಲ್’ ಬಂದಿದೆ, ಮುಂಗಡ ಕೊಡಬಹುದೇ?

ಆಸ್ತಿ, ಬಾಡಿಗೆ, ಗೃಹಸಾಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಊರಾಚೆಯ ಬಡಾವಣೆಯೊಂದರಲ್ಲಿ 30x40 ಸೈಟು ನೋಡಿದ್ದೇವೆ. ಮಾರುವವರು 13 ವರ್ಷದ ಇ.ಸಿ. (ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರ ತೋರಿಸುವ ಋಣಭಾರ ಪ್ರಮಾಣಪತ್ರ) ಕೊಟ್ಟಿದ್ದಾರೆ, ‘ನಿಲ್’ ಎಂದಿದೆ. ಪಂಚಾಯಿತಿ ಖಾತೆಯೂ ಅವರ ಹೆಸರಲ್ಲೇ ಇದೆ. ಇನ್ನೊಬ್ಬರು ಕಾಯುತ್ತಿದ್ದಾರೆ, ಈ ವಾರವೇ 2 ಲಕ್ಷ ಮುಂಗಡ ಕೊಡಿ ಎನ್ನುತ್ತಿದ್ದಾರೆ. ಕೊಡಬಹುದೇ?
— ಓದುಗರು, ತುಮಕೂರು

ಈ ವಾರ ಕೊಡಬೇಡಿ. ಮೊದಲು ಮಾರುವವರನ್ನು ಒಂದು ಮಾತು ಕೇಳಿ: ಈ ಸೈಟು ನಿಮಗೆ ಯಾವ ವರ್ಷ, ಯಾವ ಪತ್ರದಿಂದ ಬಂತು? ಅವರು ಅದನ್ನು ಕೊಂಡದ್ದು ಕಳೆದ 13 ವರ್ಷದೊಳಗೆ ಆಗಿದ್ದರೆ ಆ ಕ್ರಯವೇ ಇ.ಸಿ.ಯಲ್ಲಿ ಕಾಣಬೇಕು. ವ್ಯವಹಾರ ನಡೆದಿದ್ದರೆ ಸಿಗುವುದು ಫಾರಂ 15, ಏನೂ ನಡೆಯದಿದ್ದರೆ ಫಾರಂ 16. ಈಚೆಗೆ ಕೊಂಡವರ ಕೈಯಲ್ಲಿ ಫಾರಂ 16 ಇದೆ ಎಂದರೆ ಒಂದೋ ಹುಡುಕಿಸಿದ ವಿವರ ತಪ್ಪು, ಇಲ್ಲವೇ ಅವರ ಹೆಸರಿಗೆ ನೋಂದಣಿಯಾದ ಪತ್ರವೇ ಇಲ್ಲ. ‘ನಿಲ್’ ಎಂದು ಕಂಡ ಕೂಡಲೇ ನಿಟ್ಟುಸಿರು ಬಿಡುವವರು ಇಷ್ಟು ಯೋಚಿಸುವುದಿಲ್ಲ.

ವಿವರ ತಪ್ಪುವುದು ಹೀಗೆ. ಇ.ಸಿ.ಗೆ ಹುಡುಕಾಟ ನಡೆಯುವುದು ಅರ್ಜಿಯಲ್ಲಿ ಬರೆದ ಆಸ್ತಿ ವಿವರದ ಮೇಲೆ. ಸೈಟ್ ನಂಬರ್ ಹಾಕಿದರೆ ಆ ನಂಬರ್ ಹುಟ್ಟಿದ ಮೇಲಿನ ವ್ಯವಹಾರ ಮಾತ್ರ ಬರುತ್ತದೆ. ಅದು ಹೊಲವಾಗಿದ್ದ ಕಾಲದಲ್ಲಿ ಸರ್ವೆ ನಂಬರ್ ಮೇಲೆ ಆದ ಅಡಮಾನ, ವಿಭಾಗ, ಕ್ರಯದ ಕರಾರು ಯಾವುದೂ ಬರುವುದಿಲ್ಲ. ಹಾಗಾಗಿ ಎರಡು ಇ.ಸಿ. ತೆಗೆಸಿ. ಒಂದು ಸೈಟ್ ನಂಬರಿಗೆ, ಇನ್ನೊಂದು ಮೂಲ ಸರ್ವೆ ನಂಬರಿಗೆ. ಎರಡೂ ಸೇರಿ 30 ವರ್ಷ ತುಂಬಬೇಕು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಲೀಸಾಗಿ ಸಿಗುವುದು ಸುಮಾರು 2004ರಿಂದ ಈಚಿನ ದಾಖಲೆ. ಅದಕ್ಕೂ ಹಿಂದಿನದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯ ಪುಸ್ತಕಗಳಲ್ಲಿ ಹುಡುಕಿಸಬೇಕು. ನಡುವೆ ನಿಮ್ಮ ಹೋಬಳಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಸೇರಿದ್ದರೆ ಎರಡೂ ಕಡೆಯ ಇ.ಸಿ. ಬೇಕು.

ಇಷ್ಟಾದರೂ ಇ.ಸಿ. ಹೇಳುವುದು ನೋಂದಣಿಯಾದ ವ್ಯವಹಾರವನ್ನಷ್ಟೇ. ಬಿಳಿ ಹಾಳೆಯ ಅಗ್ರಿಮೆಂಟ್, ನೋಂದಣಿಯಾಗದ ಉಯಿಲು, ಕೋರ್ಟಿನಲ್ಲಿರುವ ದಾವೆ ಅದರಲ್ಲಿ ಸಿಗುವುದಿಲ್ಲ. ಮೂಲಪತ್ರವನ್ನು ಬ್ಯಾಂಕಿಗೆ ಒಪ್ಪಿಸಿ ತೆಗೆದ ಸಾಲವೂ, ಅದರ ಪತ್ರ ನೋಂದಣಿ ಆಗಿಲ್ಲದಿದ್ದರೆ, ತಪ್ಪಿಹೋಗುತ್ತದೆ. ಇಂಥ ಅಡಮಾನಗಳ ಕೇಂದ್ರ ನೋಂದಣಿ ‘ಸರ್ಸಾಯ್’ 2011ರಿಂದ ಇದೆ. ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಹುಡುಕಬಹುದು. ದಾವೆ ಇದೆಯೇ ಎಂಬುದನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿ ಮಾರುವವರ ಹೆಸರು, ಅವರ ತಂದೆಯ ಹೆಸರು ಎರಡರಲ್ಲೂ ನೋಡಿ. ಮೂಲಪತ್ರವನ್ನು ಕಣ್ಣಾರೆ ಕಾಣಿ. ಎರಡು ಸಲ ಕೇಳಿದರೂ ಜೆರಾಕ್ಸನ್ನೇ ಮುಂದಿಡುತ್ತಿದ್ದರೆ ಮೂಲ ಬೇರೆಲ್ಲೋ ಕೂತಿದೆ ಎಂದೇ ತಿಳಿಯಿರಿ.

ಖಾತೆ ಎಂಬುದು ಕಂದಾಯ ಯಾರು ಕಟ್ಟಬೇಕು ಎಂದು ಹೇಳುವ ಲೆಕ್ಕ, ಹಕ್ಕುಪತ್ರವಲ್ಲ. ಪಂಚಾಯಿತಿ ಆಸ್ತಿಯಾದರೆ ಪಂಚಾಯಿತಿ ಆಸ್ತಿ ದಾಖಲೆಗಳ ತಂತ್ರಾಂಶ ಇ-ಸ್ವತ್ತಿನಲ್ಲಿ ಯಾವ ನಮೂನೆ ಕೊಟ್ಟಿದ್ದಾರೆ ನೋಡಿ. ಭೂಪರಿವರ್ತನೆಯಾಗಿ ನಕ್ಷೆ ಮಂಜೂರಾದ ಸೈಟಿಗೆ ನಮೂನೆ 9 ಮತ್ತು 11ಎ ಬರುತ್ತದೆ. ನಿಮ್ಮದು 11ಬಿ ಆಗಿದ್ದರೆ ಬ್ಯಾಂಕ್ ಸಾಲಕ್ಕೂ ಮನೆ ಕಟ್ಟುವ ಪರವಾನಗಿಗೂ ಮುಂದೆ ಅಡ್ಡಿ ಕಾದಿದೆ.

‘ಡಿ.ಸಿ. ಕನ್ವರ್ಷನ್ ಆಗಿದೆ’ ಎಂಬ ಮಾತನ್ನು ಬ್ರೋಕರುಗಳು ಬಡಾವಣೆಗೇ ಅನುಮೋದನೆ ಸಿಕ್ಕಿತು ಎನ್ನುವಂತೆ ಹೇಳುತ್ತಾರೆ. ಎರಡೂ ಬೇರೆ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಜಿಲ್ಲಾಧಿಕಾರಿ ಕೊಡುವುದು ಹೊಲವನ್ನು ವಾಸಕ್ಕೆ ಬಳಸುವ ಅನುಮತಿ. ಅದರಲ್ಲಿ ರಸ್ತೆ ಎಷ್ಟು ಅಗಲ, ಉದ್ಯಾನ ಎಲ್ಲಿ, ಸೈಟು ಎಷ್ಟು ಎಂದು ನಕ್ಷೆ ಮಂಜೂರು ಮಾಡುವುದು ಯೋಜನಾ ಪ್ರಾಧಿಕಾರ. ಆ ನಕ್ಷೆಯ ಪ್ರತಿ ತೆಗೆದುಕೊಂಡು ನಿಮ್ಮ ನಂಬರಿನ ಸೈಟು ಅದರಲ್ಲಿ ಇದೆಯೇ ನೋಡಿ. ಉದ್ಯಾನಕ್ಕೆ ಬಿಟ್ಟ ಜಾಗದಲ್ಲಿ ಸೈಟು ಕೊರೆದು ಮಾರುವುದು ಹೊಸದೇನಲ್ಲ. ಆಮೇಲೆ ಟೇಪು ಹಿಡಿದು ಅಳೆಯಿರಿ. ಕ್ರಯಪತ್ರದ ಚಕ್ಕುಬಂದಿ, ನಕ್ಷೆ, ನೆಲದ ಮೇಲಿನ ಕಲ್ಲು ಮೂರೂ ಒಂದೇ ಮಾತು ಹೇಳಬೇಕು. ಸರ್ವೆ ನಂಬರಿನಲ್ಲಿ ಬಿ ಖರಾಬು ಎಷ್ಟಿದೆ ಎಂಬುದನ್ನೂ ನೋಡಿಸಿ. ಅದು ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಬಳಕೆಗೆ ಮೀಸಲಾದ ನೆಲ. ಅದರ ಮೇಲೆ ಸೈಟು ಕೂತಿದ್ದರೆ ಯಾವ ಪತ್ರವೂ ಕಾಯುವುದಿಲ್ಲ.

ಇವೆಲ್ಲ ವಕೀಲರ ಕೈಗೆ ಹೋಗಿ ಅಭಿಪ್ರಾಯ ಬರಲು ಎರಡು ವಾರ ಬೇಕು. ಅಷ್ಟು ಕಾಯಲು ಮಾರುವವರು ಒಪ್ಪದಿದ್ದರೆ ಸಣ್ಣ ಮೊತ್ತವನ್ನು ಬ್ಯಾಂಕ್ ಮೂಲಕ ಕೊಟ್ಟು, ‘ಹಕ್ಕಿನಲ್ಲಿ ದೋಷ ಕಂಡುಬಂದರೆ ಇಂತಿಷ್ಟು ದಿನದಲ್ಲಿ ಪೂರ್ತಿ ವಾಪಸ್’ ಎಂದು ಬರೆಸಿ ಸಹಿ ಪಡೆಯಿರಿ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಮುಂಗಡವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ. ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ಪ್ರಶ್ನೆ: ಅಗ್ರಿಮೆಂಟ್, ಜಿ.ಪಿ.ಎ. (ಸಾಮಾನ್ಯ ಅಧಿಕಾರಪತ್ರ) ಎರಡೂ ಮಾಡಿಕೊಟ್ಟಿದ್ದಾರೆ, ಹಣವೂ ಪೂರ್ತಿ ಸಂದಾಯವಾಗಿದೆ, ನಾನೇ ಸ್ವಾಧೀನದಲ್ಲಿದ್ದೇನೆ. ರಿಜಿಸ್ಟರ್ ಆಗದಿದ್ದರೇನು?
— ಓದುಗರು, ಮಂಡ್ಯ

ಆಸ್ತಿ ಇನ್ನೂ ನಿಮ್ಮದಾಗಿಲ್ಲ. ಜಿ.ಪಿ.ಎ., ಕರಾರು, ಉಯಿಲು ಸೇರಿಸಿ ಮಾಡುವ ‘ಮಾರಾಟ’ದಿಂದ ಮಾಲೀಕತ್ವ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ತೀರ್ಪಿನಲ್ಲಿ ಹೇಳಿದೆ. ಬರೆದುಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಜಿ.ಪಿ.ಎ. ಅಲ್ಲಿಗೇ ಮುಗಿಯುತ್ತದೆ, ಆಮೇಲೆ ನೀವು ಅವರ ಮಕ್ಕಳೆಲ್ಲರ ಬಾಗಿಲು ತಟ್ಟಬೇಕು. ಕರಾರನ್ನು ಜಾರಿ ಮಾಡಿಸಲು ದಾವೆ ಹೂಡಲು ಮೂರು ವರ್ಷದ ಗಡುವು ಇದೆ. ಕರಾರಿನಲ್ಲಿ ಕ್ರಯಕ್ಕೆ ದಿನಾಂಕ ಹಾಕಿದ್ದರೆ ಆ ದಿನದಿಂದ, ಹಾಕಿಲ್ಲದಿದ್ದರೆ ಅವರು ಒಲ್ಲೆ ಎಂದದ್ದು ನಿಮಗೆ ತಿಳಿದ ದಿನದಿಂದ ಎಣಿಕೆ. ಮಾರಿದವರು ಇರುವಾಗಲೇ, ಸಂಬಂಧ ಚೆನ್ನಾಗಿರುವಾಗಲೇ ಕ್ರಯಪತ್ರ ಮಾಡಿಸಿಕೊಳ್ಳಿ. 2024ರ ಅಕ್ಟೋಬರ್ ನಂತರ ನಿವೇಶನ, ಮನೆಗಳ ನೋಂದಣಿಗೆ ಇ-ಖಾತಾ (ಆನ್‌ಲೈನ್ ಖಾತೆ) ಬೇಕೇ ಬೇಕು. ಆ ಕೆಲಸವನ್ನು ಇಂದೇ ಶುರು ಮಾಡಿಸಿ.

ಪ್ರಶ್ನೆ: ಪಿತ್ರಾರ್ಜಿತ ಜಮೀನು ಕೊಳ್ಳುತ್ತಿದ್ದೇವೆ. ತಂದೆ ಮತ್ತು ಇಬ್ಬರು ಗಂಡುಮಕ್ಕಳು ಸಹಿ ಹಾಕುತ್ತಾರೆ. ‘ಹೆಣ್ಣುಮಕ್ಕಳಿಗೆ ಮದುವೆಯಲ್ಲೇ ಎಲ್ಲ ಕೊಟ್ಟಾಗಿದೆ, ಬೇಕಿದ್ದರೆ ಸಾಕ್ಷಿ ಸಹಿ ಹಾಕಿಸುತ್ತೇವೆ’ ಎನ್ನುತ್ತಾರೆ. ಸಾಕೇ?
— ಓದುಗರು, ಹಾವೇರಿ

ಸಾಲದು. ಸಾಕ್ಷಿ ಸಹಿ ಎಂದರೆ ‘ಇವರು ನನ್ನೆದುರು ಸಹಿ ಮಾಡಿದರು’ ಎಂದಷ್ಟೇ ಅರ್ಥ. ಪತ್ರದೊಳಗೆ ಏನಿದೆ ಎಂಬುದು ಸಾಕ್ಷಿಗೆ ಗೊತ್ತಿರಬೇಕೆಂದೇನೂ ಇಲ್ಲ, ತನ್ನ ಹಕ್ಕು ಬಿಟ್ಟೆ ಎಂದಂತೂ ಆಗುವುದೇ ಇಲ್ಲ. ಹೆಣ್ಣುಮಕ್ಕಳನ್ನು ಕ್ರಯ ಕೊಡುವವರ ಸಾಲಿನಲ್ಲೇ ಸೇರಿಸಿ ಸಹಿ ಮಾಡಿಸಿ. ಇಲ್ಲವೇ ಅವರಿಂದ ಮೊದಲು ಹಕ್ಕು ಬಿಡುಗಡೆ ಪತ್ರವನ್ನು ನೋಂದಣಿ ಮಾಡಿಸಲು ಹೇಳಿ.

2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಕೊಟ್ಟಿತು. ಆ ತಿದ್ದುಪಡಿ ಬಂದಾಗ ತಂದೆ ಬದುಕಿರಬೇಕಾಗಿಲ್ಲ ಎಂದು 2020ರ ವಿನೀತಾ ಶರ್ಮಾ ತೀರ್ಪು ಗೊಂದಲ ತೀರಿಸಿತು. ಮದುವೆಯಾಗಿದೆಯೇ, ವರದಕ್ಷಿಣೆ ಕೊಟ್ಟಿದ್ದರೇ ಎಂಬುದು ಲೆಕ್ಕಕ್ಕಿಲ್ಲ. 2004ರ ಡಿಸೆಂಬರ್ 20ಕ್ಕೂ ಮೊದಲು ನೋಂದಾಯಿತ ವಿಭಾಗಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ ಪಾಲು ಮುಗಿದಿದ್ದರೆ ಅದಕ್ಕೆ ಧಕ್ಕೆಯಿಲ್ಲ. ‘ಪಂಚರ ಎದುರು ಬಾಯಿಮಾತಿನಲ್ಲಿ ಪಾಲಾಗಿತ್ತು’ ಎಂಬುದನ್ನು ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ.

ಹಾಗೆಂದು ‘ಪಿತ್ರಾರ್ಜಿತ’ ಎಂದು ಊರು ಕರೆಯುವುದೆಲ್ಲ ಕಾನೂನಿನಲ್ಲಿ ಪಿತ್ರಾರ್ಜಿತವಲ್ಲ. ತಂದೆ ಸ್ವಂತ ದುಡಿಮೆಯಲ್ಲಿ ಕೊಂಡದ್ದನ್ನು ಅವರೊಬ್ಬರೇ ಮಾರಬಹುದು. ಹಾಗೆ ಕೊಂಡವರು ಉಯಿಲು ಬರೆಯದೆ ತೀರಿಕೊಂಡಿದ್ದರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ಅವರ ತಾಯಿ, ಎಲ್ಲರಿಗೂ ಸಮಪಾಲು. ಯಾವ ಸಂದರ್ಭ ಎಂಬುದು ಮೂಲಪತ್ರ ಓದಿದರೆ ಮಾತ್ರ ಗೊತ್ತಾಗುತ್ತದೆ. ಪಹಣಿಯಲ್ಲಿ ಒಬ್ಬರದೇ ಹೆಸರಿದೆ ಎಂಬುದರಿಂದ ಏನೂ ತೀರ್ಮಾನವಾಗುವುದಿಲ್ಲ. ಎಷ್ಟೋ ಮನೆಗಳಲ್ಲಿ ಹಿರಿಯಣ್ಣನ ಹೆಸರಿಗೆ ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಮಾಡಿಸಿ ಉಳಿದವರು ಸುಮ್ಮನಿರುತ್ತಾರೆ, ಜಮೀನಿಗೆ ಬೆಲೆ ಬರುವ ತನಕ.

ನಾಡಕಚೇರಿಯ ವಂಶವೃಕ್ಷ ಕೇಳಿ, ಆದರೆ ಅದನ್ನೊಂದೇ ನಂಬಬೇಡಿ. ಅರ್ಜಿದಾರರು ಕೊಟ್ಟ ಪ್ರಮಾಣಪತ್ರದ ಮೇಲೆ ಸಿದ್ಧವಾಗುವ ಅದರಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಹೆಣ್ಣುಮಕ್ಕಳ ಹೆಸರೇ. ಹಳೆಯ ಪಡಿತರ ಚೀಟಿ ನೋಡಿ, ಊರಲ್ಲಿ ನಾಲ್ಕು ಮನೆ ವಿಚಾರಿಸಿ. ಅಪ್ರಾಪ್ತ ಮಕ್ಕಳಿದ್ದರೆ ಮನೆಯ ಯಜಮಾನರು ಯಾವ ಅಗತ್ಯಕ್ಕೆ ಮಾರುತ್ತಿದ್ದಾರೆ (ಸಾಲ, ಚಿಕಿತ್ಸೆ, ಮದುವೆ) ಎಂಬುದನ್ನು ಪತ್ರದಲ್ಲೇ ಬರೆಸಿ. ಜಮೀನು ಮಗುವಿನ ಹೆಸರಿಗೇ ಪ್ರತ್ಯೇಕವಾಗಿ ಬಂದಿದ್ದರೆ ಕೋರ್ಟಿನ ಅನುಮತಿಯಿಲ್ಲದೆ ತಂದೆತಾಯಿಯೂ ಮಾರುವಂತಿಲ್ಲ. ಹಾಗೆ ಮಾರಿದ್ದನ್ನು 18 ತುಂಬಿದ ಮೂರು ವರ್ಷದೊಳಗೆ ಆ ಮಗು ಪ್ರಶ್ನಿಸಬಹುದು.

ಪ್ರಶ್ನೆ: ಬೆಂಗಳೂರಿನಲ್ಲಿ ಎರಡು ಕೋಣೆಯ ಮನೆ, 15 ಲಕ್ಷಕ್ಕೆ ಮೂರು ವರ್ಷದ ಲೀಸ್. ಬಾಡಿಗೆಯೇ ಇಲ್ಲ, ಕೊನೆಗೆ ಪೂರ್ತಿ ಹಣ ವಾಪಸ್ ಎನ್ನುತ್ತಾರೆ. ಬಾಡಿಗೆಗಿಂತ ಇದು ಲಾಭವಲ್ಲವೇ?
— ಓದುಗರು, ಬೆಂಗಳೂರು

ಮೊದಲು ಲಾಭ ಎಷ್ಟೆಂದು ಲೆಕ್ಕ ಹಾಕೋಣ. ಅದೇ ಮನೆಗೆ ಬಾಡಿಗೆ 18,000 ಎಂದಿಟ್ಟುಕೊಂಡರೆ ಮೂರು ವರ್ಷಕ್ಕೆ 6,48,000. ಆ 15 ಲಕ್ಷವನ್ನು ಶೇ. 7ರ ಠೇವಣಿಯಲ್ಲಿಟ್ಟಿದ್ದರೆ ಸರಳ ಬಡ್ಡಿಯೇ 3,15,000 ಬರುತ್ತಿತ್ತು. ಎಂದರೆ ಉಳಿತಾಯ ಮೂರು ವರ್ಷಕ್ಕೆ ಸುಮಾರು 3,33,000. ಅದಕ್ಕಾಗಿ ಪಣಕ್ಕಿಡುತ್ತಿರುವುದು 15 ಲಕ್ಷ. ಅದನ್ನು ಕಾಯಲು ಕೈಯಲ್ಲಿ ಏನಿದೆ ಎಂಬುದೇ ಇಲ್ಲಿ ವಿಚಾರ.

ಹೆಚ್ಚಿನವರ ಕೈಯಲ್ಲಿ ಇರುವುದು ಛಾಪಾ ಕಾಗದದ ಮೇಲಿನ ಟೈಪು ಹೊಡೆದ ಕರಾರು, ನೋಂದಣಿಯಿಲ್ಲ. 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿಯಾಗಲೇಬೇಕು. ಸ್ವಾಧೀನ ಭೋಗ್ಯ, ಎಂದರೆ ಹಣ ಕೊಟ್ಟವರಿಗೆ ಮನೆಯ ಸ್ವಾಧೀನ ಕೊಡುವ ಅಡಮಾನ, ಎಂದು ಬರೆದರೂ ಅಷ್ಟೇ. ನೋಂದಣಿಯಾಗದ ಕರಾರು ಇ.ಸಿ.ಯಲ್ಲಿ ಕಾಣದು. ಹಾಗಾಗಿ ಮಾಲೀಕರು ಅದೇ ಮನೆಯ ಮೇಲೆ ಸಾಲ ತೆಗೆಯಬಹುದು, ಮಾರಲೂಬಹುದು. ಅದಕ್ಕಿಂತ ಹೆಚ್ಚಾಗಿ ಆಗುವುದು ಹೀಗೆ: ಮನೆ ಮೊದಲೇ ಬ್ಯಾಂಕಿನಲ್ಲಿ ಅಡವಿರುತ್ತದೆ, ಕಂತು ಕಟ್ಟಲಾಗದೆ ಮಾಲೀಕರು ಲೀಸ್ ಹಣ ಎತ್ತುತ್ತಾರೆ. ಅದೂ ಖರ್ಚಾದ ಮೇಲೆ ಬ್ಯಾಂಕ್ ಅಡವಿಟ್ಟ ಆಸ್ತಿಯನ್ನು ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆಯಡಿ ಬಾಗಿಲಿಗೆ ನೋಟಿಸ್ ಅಂಟಿಸುತ್ತದೆ. ನಿಮಗೆ ವಿಷಯ ಗೊತ್ತಾಗುವುದು ಆಗ. ಮೊದಲು ಅಡಮಾನ ಪಡೆದ ಬ್ಯಾಂಕಿನ ಎದುರು ನಿಮ್ಮ ಬಿಡಿ ಕರಾರಿಗೆ ಬಲವಿಲ್ಲ. ಮನೆ ಬಿಡಬೇಕು, ಹಣಕ್ಕೆ ಮಾಲೀಕರ ಮೇಲೆ ಬೇರೆಯೇ ದಾವೆ ಹೂಡಬೇಕು.

ಇನ್ನೊಂದು ಬಗೆ, ಮಧ್ಯವರ್ತಿ ಸಂಸ್ಥೆಗಳದ್ದು. ಮಾಲೀಕರಿಂದ ತಿಂಗಳ ಬಾಡಿಗೆಗೆ ಮನೆ ಪಡೆದು ನಿಮಗೆ ಲೀಸ್‌ಗೆ ಕೊಡುತ್ತಾರೆ. ಕೆಲವು ತಿಂಗಳು ಮಾಲೀಕರಿಗೆ ಬಾಡಿಗೆ ಸಲ್ಲುತ್ತದೆ, ಆಮೇಲೆ ಕಚೇರಿಗೆ ಬೀಗ. ಮಾಲೀಕರು ಬಂದು ಬಾಡಿಗೆ ಕೇಳಿದಾಗ ನಿಮ್ಮ 15 ಲಕ್ಷ ಅವರಿಗೆ ಮುಟ್ಟಿಯೇ ಇರುವುದಿಲ್ಲ. ಮಾಲೀಕರೇ ಸಹಿ ಹಾಕದ, ಮಾಲೀಕರ ಖಾತೆಗೇ ಹಣ ಹೋಗದ ಲೀಸನ್ನು ಮುಟ್ಟಲೇಬೇಡಿ.

ಇಷ್ಟಾಗಿಯೂ ಮಾಡುವುದಾದರೆ ಮಾಲೀಕರ ಕ್ರಯಪತ್ರ, ಕರಾರಿನ ಹಿಂದಿನ ದಿನದವರೆಗಿನ ಇ.ಸಿ., ಸರ್ಸಾಯ್ ವರದಿ ಮೂರನ್ನೂ ನೋಡಿ. ಸಾಲವಿದ್ದರೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮುಂದುವರಿಯಬೇಡಿ. ಪತ್ರವನ್ನು ನೋಂದಣಿ ಮಾಡಿಸಿ. ಛಾಪಾ ಶುಲ್ಕ ಹೆಚ್ಚಾಯಿತೆಂದು ಗೊಣಗುವವರು ಮೇಲಿನ ಲೆಕ್ಕದಲ್ಲಿ ಅದನ್ನೂ ಕಳೆದು ಲಾಭ ಉಳಿಯುತ್ತದೆಯೇ ನೋಡಲಿ. ಅವಧಿ ಮುಗಿದು ನಿಮ್ಮ ಹಣ ಪೂರ್ತಿ ವಾಪಸ್ ಕೈಸೇರಿದ ದಿನವೇ ನೀವು ಬೀಗದ ಕೈ ಕೊಡುವುದು, ತಡವಾದರೆ ಬಾಡಿಗೆಯಿಲ್ಲದೆ ವಾಸ ಮುಂದುವರಿಸುವುದು, ತಡವಾದಷ್ಟು ದಿನಕ್ಕೆ ಬಡ್ಡಿ, ಈ ಮೂರು ಮಾತು ಕರಾರಿನಲ್ಲಿ ಇರಲಿ. ನಮ್ಮನ್ನು ಕೇಳಿದರೆ, ಜೀವಮಾನದ ಉಳಿತಾಯವೆಲ್ಲ ಆ 15 ಲಕ್ಷವೇ ಆಗಿದ್ದರೆ ಬಾಡಿಗೆ ಮನೆಯೇ ವಾಸಿ.

ಪ್ರಶ್ನೆ: ಬಾಡಿಗೆ ಕರಾರು 11 ತಿಂಗಳಿಗೇ ಏಕೆ? ಮನೆ ಬಿಡುವಾಗ ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಹಿಡಿಯುವುದು ಸರಿಯೇ?
— ಓದುಗರು, ಮೈಸೂರು

ವರ್ಷ ಮೀರಿದರೆ ನೋಂದಣಿ ಕಡ್ಡಾಯವಾಗುತ್ತದೆ ಎಂದು ಮೇಲೆ ಹೇಳಿದೆವಲ್ಲ, ಆ ಖರ್ಚು ತಪ್ಪಿಸಲು 11 ತಿಂಗಳು. ಬೇರೆ ಗುಟ್ಟಿಲ್ಲ.

ಪೇಂಟಿಂಗ್ ವಿಚಾರದಲ್ಲಿ ಕರಾರು ಏನನ್ನುತ್ತದೆಯೋ ಅದೇ ನಡೆಯುತ್ತದೆ. ‘ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳಲಾಗುವುದು’ ಎಂದಿದ್ದು ನೀವು ಸಹಿ ಹಾಕಿದ್ದರೆ ಈಗ ವಾದಿಸಿ ಫಲವಿಲ್ಲ. ಏನೂ ಬರೆದಿಲ್ಲದಿದ್ದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆ ನಿಮ್ಮ ಪರ: ಬಳಕೆಯಿಂದ ಸಹಜವಾಗಿ ಆಗುವ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ. ಮೂರು ವರ್ಷದಲ್ಲಿ ಮಾಸಿದ ಗೋಡೆ ಸವೆತ, ಮೊಳೆ ಹೊಡೆದು ಉದುರಿದ ಗಾರೆ ಹಾನಿ. ಹೊಸ ಕರಾರು ಮಾಡುವಾಗ ‘ಎರಡು ವರ್ಷ ತುಂಬುವ ಮೊದಲೇ ಬಿಟ್ಟರೆ ಮಾತ್ರ ಪೇಂಟಿಂಗ್ ಖರ್ಚು’ ಎಂದು ಕೇಳಿ ನೋಡಿ, ಒಪ್ಪುವವರಿದ್ದಾರೆ.

ಹಾಗೆಯೇ ಕರೆಂಟು ಮೀಟರಿನ ಅಂಕಿ, ನಲ್ಲಿ, ಸಿಂಕು, ಬಾಗಿಲ ಚಿಲಕ, ಛಾವಣಿಯ ತೇವದ ಕಲೆ, ಎಲ್ಲದರ ವಿಡಿಯೊ ತೆಗೆದು ಸೇರಿದ ದಿನವೇ ಮಾಲೀಕರಿಗೆ ಕಳಿಸಿಡಿ. ಬಿಡುವ ದಿನ ಜಗಳವಾಗುವುದು ಇವುಗಳ ಮೇಲೆಯೇ. ಮನೆ ಬಿಡಲು ಎಷ್ಟು ದಿನ ಮೊದಲು ತಿಳಿಸಬೇಕೆಂದು ಕರಾರಿನಲ್ಲಿಲ್ಲದಿದ್ದರೆ ತಿಂಗಳ ಬಾಡಿಗೆ ಮನೆಗೆ 15 ದಿನದ ನೋಟಿಸ್ ಸಾಕು, ಎರಡೂ ಕಡೆಗೆ.

ಪ್ರಶ್ನೆ: 60 ಲಕ್ಷದ ಮನೆ ಕೊಳ್ಳಲು ಕೈಯಲ್ಲಿ 12 ಲಕ್ಷವಿದೆ. ಬ್ಯಾಂಕ್ ಶೇ. 80 ಸಾಲ ಕೊಡುತ್ತದಂತೆ. ಸರಿಹೋಗುತ್ತದಲ್ಲವೇ?
— ಓದುಗರು, ದಾವಣಗೆರೆ

ಸರಿಹೋಗುವುದಿಲ್ಲ, ಕಡಿಮೆಯೆಂದರೂ ಐದಾರು ಲಕ್ಷ ಕೊರತೆ ಬೀಳುತ್ತದೆ. ಛಾಪಾ ಶುಲ್ಕ ಶೇ. 5, ಎಂದರೆ 3,00,000. ಆ ಶುಲ್ಕದ ಮೇಲೆ ಶೇ. 10 ಸೆಸ್ 30,000, ನಗರ ಪ್ರದೇಶದಲ್ಲಿ ಶೇ. 2 ಸರ್ಚಾರ್ಜ್ 6,000. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1 ಇದ್ದದ್ದು ಶೇ. 2 ಆಗಿದೆ, ಅದು 1,20,000. ಒಟ್ಟು 4,56,000. ವಕೀಲರು, ಬ್ಯಾಂಕಿನ ಪ್ರಕ್ರಿಯಾ ಶುಲ್ಕ, ಅಡಮಾನ ಪತ್ರದ ಖರ್ಚು ಬೇರೆ. ಈ ಶುಲ್ಕಗಳನ್ನು ಬ್ಯಾಂಕ್ ಮನೆಯ ಬೆಲೆಗೆ ಸೇರಿಸಿ ಸಾಲ ಕೊಡುವುದಿಲ್ಲ.

ಶೇ. 80 ಎಂಬುದೂ ಮೇಲ್ಮಿತಿ. ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷದವರೆಗಿನ ಸಾಲಕ್ಕೆ ಬೆಲೆಯ ಶೇ. 90, 30ರಿಂದ 75 ಲಕ್ಷಕ್ಕೆ ಶೇ. 80, ಅದಕ್ಕೂ ಮೇಲೆ ಶೇ. 75. ಬೆಲೆಯೆಂದರೆ ನೀವು ಒಪ್ಪಿದ ಬೆಲೆಯಲ್ಲ. ಬ್ಯಾಂಕಿನ ಮೌಲ್ಯಮಾಪಕರು 54 ಲಕ್ಷ ಎಂದು ಬರೆದರೆ ಸಾಲ 43.2 ಲಕ್ಷಕ್ಕೇ ನಿಲ್ಲುತ್ತದೆ. ಪತ್ರದಲ್ಲಿ ಕಡಿಮೆ ಬೆಲೆ ತೋರಿಸಿ ಉಳಿದದ್ದನ್ನು ನಗದು ಕೊಡೋಣ ಎಂದು ಮಾರುವವರು ಹೇಳಿದರೆ ಅಲ್ಲೂ ಹೊಡೆತ ಬೀಳುವುದು ನಿಮ್ಮ ಸಾಲಕ್ಕೇ, ಮುಂದೆ ನೀವು ಮಾರುವಾಗ ಬರುವ ತೆರಿಗೆಗೂ.

ಮನೆಯ ಬೆಲೆ 50 ಲಕ್ಷ ಮುಟ್ಟಿದ್ದರಿಂದ ನೀವೇ ಶೇ. 1, ಎಂದರೆ 60,000, ಟಿ.ಡಿ.ಎಸ್. (ಹಣ ಕೊಡುವಾಗಲೇ ಕಡಿತ ಮಾಡುವ ಮಾರುವವರ ತೆರಿಗೆ) ಮುರಿದು ಸರ್ಕಾರಕ್ಕೆ ಕಟ್ಟಬೇಕು. ಇದು ಹೆಚ್ಚಿನ ಖರ್ಚಲ್ಲ, ಮಾರುವವರಿಗೆ ಕೊಡುವ ಹಣದಲ್ಲೇ ಕಳೆಯುವುದು. ಮುರಿದ ತಿಂಗಳು ಮುಗಿದು 30 ದಿನದೊಳಗೆ ಕಟ್ಟದಿದ್ದರೆ ಬಡ್ಡಿ, ದಂಡ ಬೀಳುವುದು ನಿಮ್ಮ ಮೇಲೆ. ಮಾರುವವರು ಅನಿವಾಸಿ ಭಾರತೀಯರಾಗಿದ್ದರೆ ಈ ಶೇ. 1ರ ಲೆಕ್ಕ ಅನ್ವಯಿಸದು, ದರ ಬಹಳ ಹೆಚ್ಚು. ಮುಂಗಡಕ್ಕೂ ಮೊದಲೇ ಲೆಕ್ಕಪರಿಶೋಧಕರನ್ನು ಕಾಣಿ.

ಇನ್ನು ಕಂತು. 48 ಲಕ್ಷಕ್ಕೆ ಶೇ. 8.5ರಂತೆ 20 ವರ್ಷಕ್ಕೆ ತಿಂಗಳಿಗೆ ಸುಮಾರು 41,655. ಮೊದಲ ಕಂತಿನಲ್ಲಿ 34,000 ಬಡ್ಡಿಗೇ ಹೋಗಿ ಅಸಲಿಗೆ ಸೇರುವುದು 7,655 ಮಾತ್ರ. 20 ವರ್ಷದ ಬಡ್ಡಿ ಸುಮಾರು 52 ಲಕ್ಷ. ಅದನ್ನೇ 15 ವರ್ಷಕ್ಕೆ ಇಳಿಸಿದರೆ ಕಂತು 47,268, ಬಡ್ಡಿ ಸುಮಾರು 37 ಲಕ್ಷ. ಅಷ್ಟು ಕಂತು ಕಷ್ಟವಾದರೆ 20 ವರ್ಷಕ್ಕೇ ತೆಗೆದು ವರ್ಷಕ್ಕೊಂದು ಹೆಚ್ಚುವರಿ ಕಂತು ಕಟ್ಟಿ. ಸಾಲ ಮೂರು ವರ್ಷಕ್ಕೂ ಹೆಚ್ಚು ಮೊದಲೇ ತೀರುತ್ತದೆ. ಬದಲಾಗುವ ಬಡ್ಡಿದರದ ಗೃಹಸಾಲಕ್ಕೆ ವ್ಯಕ್ತಿಗಳಿಂದ ಮುಂಪಾವತಿ ದಂಡ ವಸೂಲು ಮಾಡುವಂತಿಲ್ಲ. ಹಾಗೆ ಕಟ್ಟುವಾಗ ‘ಅವಧಿ ಕಡಿಮೆ ಮಾಡಿ, ಕಂತನ್ನಲ್ಲ’ ಎಂದು ಬರೆದು ಕೊಡಿ.

ಪ್ರಶ್ನೆ: 20 ಗುಂಟೆ ಹೊಲ ಕೊಳ್ಳಬೇಕೆಂದಿದ್ದೇನೆ. ನಾನು ಕೃಷಿಕನಲ್ಲ. ಪಹಣಿಯಲ್ಲಿ 2 ಎಕರೆ ಜಂಟಿಯಾಗಿ ಮೂವರ ಹೆಸರಲ್ಲಿದೆ, ಒಬ್ಬರು ತಮ್ಮ ಪಾಲಿನದನ್ನು ಕೊಡುತ್ತಾರಂತೆ.
— ಓದುಗರು, ಚಿಕ್ಕಬಳ್ಳಾಪುರ

ಕೃಷಿಕರಲ್ಲ ಎಂಬುದು ಈಗ ಅಡ್ಡಿಯಲ್ಲ. ಹಾಗೆ ಅಡ್ಡಿಯಾಗಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು 2020ರಲ್ಲಿ ತೆಗೆದಿದ್ದಾರೆ. ಅಡ್ಡಿಯಿರುವುದು ಜಂಟಿ ಪಹಣಿಯಲ್ಲಿ. ಅವರ ಪಾಲು ನೆಲದ ಮೇಲೆ ಯಾವ ಕಡೆ ಎಂದು ಇನ್ನೂ ಗುರುತಾಗಿಲ್ಲ. ರಸ್ತೆ ಬದಿಯ ತುಂಡು ತೋರಿಸಿ ಹಣ ಪಡೆಯುತ್ತಾರೆ, ಅಳತೆಗೆ ಹೋದಾಗ ಉಳಿದಿಬ್ಬರು ಅದು ತಮ್ಮದೆನ್ನುತ್ತಾರೆ. ಮೂವರ ನಡುವೆ ನೋಂದಾಯಿತ ವಿಭಾಗ ಆಗಲಿ, ಅಥವಾ ಮೂವರೂ ನಿಮ್ಮ ಪತ್ರಕ್ಕೆ ಸಹಿ ಹಾಕಲಿ. ಸರ್ವೆ ನಂಬರಿನ ಒಂದು ಭಾಗ ಕೊಳ್ಳಲು ಆ ಭಾಗವನ್ನು ಅಳೆದು ಗುರುತಿಸಿದ 11ಇ ನಕ್ಷೆ ಬೇಕು, ಅದಿಲ್ಲದೆ ನೋಂದಣಿಯಿಲ್ಲ. ಅಳತೆಗೆ ಬಂದ ದಿನ ನೀವೂ ಹೊಲದಲ್ಲಿರಿ, ಅಕ್ಕಪಕ್ಕದ ಹೊಲದವರನ್ನೂ ಕರೆಸಿ. 20 ಗುಂಟೆಯೆಂದರೆ 21,780 ಚದರಡಿ, ಗುಂಟೆಗೆ 1,089ರಂತೆ. ಅದರಲ್ಲಿ ಖರಾಬು ಎಷ್ಟು ಹೋಗುತ್ತದೆ ಎಂದು ಸರ್ವೆ ಇಲಾಖೆಯ ವಿಸ್ತೀರ್ಣ ದಾಖಲೆಯಾದ ಆಕಾರ್‌ಬಂದ್ ನೋಡಿ ಕೇಳಿ.

ಮಾಲೀಕರ ಹೆಸರಿರುವ ಪಹಣಿಯ 9ನೇ ಕಾಲಂ ಎಲ್ಲರೂ ನೋಡುತ್ತಾರೆ. ನೀವು 10 ಮತ್ತು 11 ಓದಿ. 10ರಲ್ಲಿ ಜಮೀನು ಹೇಗೆ ಬಂತು ಎಂಬುದು, 11ರಲ್ಲಿ ಸಹಕಾರ ಸಂಘ, ಬ್ಯಾಂಕುಗಳ ಸಾಲ ಮತ್ತು ಇತರ ಹಕ್ಕುಗಳು. ಸರ್ಕಾರದಿಂದ ಮಂಜೂರಾದದ್ದಾದರೆ ಮೂಲ ಸಾಗುವಳಿ ಚೀಟಿ ತರಿಸಿ, ಯಾರಿಗೆ ಮಂಜೂರಾಗಿತ್ತು, ಪರಭಾರೆ ಮಾಡಬಾರದೆಂಬ ಷರತ್ತು ಎಷ್ಟು ವರ್ಷಕ್ಕೆ ಎಂದು ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು 1978ರ ಪಿ.ಟಿ.ಸಿ.ಎಲ್. ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿಯಿಲ್ಲದೆ ಕೊಂಡರೆ ಆ ಕ್ರಯ ಅಸಿಂಧು. ಉಪವಿಭಾಗಾಧಿಕಾರಿ ಅದನ್ನು ಮೂಲ ಮಂಜೂರುದಾರರ ವಾರಸುದಾರರಿಗೆ ಮರಳಿಸಬಹುದು. ನಡುವೆ ನಾಲ್ಕು ಕೈ ಬದಲಾಗಿದೆ, ಮೂವತ್ತು ವರ್ಷವಾಯಿತು ಎಂಬ ಸಮಾಧಾನವೂ ಬೇಡ. ಹಾಗೆ ಕೇಳಲು ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿ ಹೇಳಿದೆ.

ದಾರಿ ಇದೆಯೇ? ಈಗ ಎತ್ತಿನ ಗಾಡಿ ಹೋಗುತ್ತಿದೆ ಎಂಬುದು ದಾರಿಯಲ್ಲ. ಗ್ರಾಮನಕ್ಷೆಯಲ್ಲಿ ದಾರಿ ಇರಬೇಕು, ಇಲ್ಲವೇ ಪಕ್ಕದ ಹೊಲದವರು ನೋಂದಾಯಿತ ಪತ್ರದಲ್ಲಿ ದಾರಿಹಕ್ಕು ಕೊಟ್ಟಿರಬೇಕು. ಇದೊಂದು ಇಲ್ಲವೆಂದರೆ ಉಳಿದ ಕಾಗದ ಎಷ್ಟೇ ಚೊಕ್ಕವಾಗಿದ್ದರೂ ಬಿಟ್ಟುಬಿಡಿ.

ಪ್ರಶ್ನೆ: 75 ಲಕ್ಷಕ್ಕೆ 1,250 ಚದರಡಿ ಫ್ಲ್ಯಾಟ್, ಚದರಡಿಗೆ 6,000 ಎನ್ನುತ್ತಾರೆ. ಕಟ್ಟುತ್ತಿದ್ದಾರೆ. ಬಾಡಿಗೆಗೆ ಕೊಡಲು ಕೊಳ್ಳಬಹುದೇ?
— ಓದುಗರು, ಮಂಗಳೂರು

1,250 ಎಂಬುದು ಮೆಟ್ಟಿಲು, ಲಿಫ್ಟು, ಮೊಗಸಾಲೆಯ ಪಾಲೆಲ್ಲ ಸೇರಿದ ಸೂಪರ್ ಬಿಲ್ಟಪ್ ಅಳತೆ. ರಿಯಲ್ ಎಸ್ಟೇಟ್ ನಿಯಂತ್ರಣದ ರೇರಾ ಕಾಯ್ದೆಯಂತೆ ಹೇಳಬೇಕಾದ್ದು ಕಾರ್ಪೆಟ್ ಏರಿಯಾ: ಒಳಗಿನ ಅಡ್ಡಗೋಡೆ ಸೇರುತ್ತದೆ, ಹೊರಗೋಡೆ, ಬಾಲ್ಕನಿ ಸೇರುವುದಿಲ್ಲ. ಅದು 850 ಆಗಿದ್ದರೆ ನೀವು ಕೊಡುತ್ತಿರುವುದು ಚದರಡಿಗೆ 8,824. ಬೇರೆ ಫ್ಲ್ಯಾಟಿನ ಜೊತೆ ಹೋಲಿಸುವುದು ಈ ಅಂಕಿಯನ್ನು.

ಕರ್ನಾಟಕ ರೇರಾ ಜಾಲತಾಣದಲ್ಲಿ ಯೋಜನೆಯ ನೋಂದಣಿ, ಮುಗಿಸುವುದಾಗಿ ಕೊಟ್ಟ ದಿನಾಂಕ, ದೂರುಗಳನ್ನು ನೋಡಿ. ನೋಂದಾಯಿತ ಕರಾರಿಗೆ ಮೊದಲು ಬೆಲೆಯ ಶೇ. 10ಕ್ಕಿಂತ ಹೆಚ್ಚು ಕೇಳುವಂತಿಲ್ಲ. ಹಸ್ತಾಂತರವಾಗಿ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಬಿಲ್ಡರ್ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ಕೊನೆಯ ಕಂತನ್ನು ವಾಸಯೋಗ್ಯ ಪ್ರಮಾಣಪತ್ರ, ಅದೇ ಒ.ಸಿ., ಕೈಗೆ ಬಂದ ಮೇಲೆ ಕೊಡುವಂತೆ ಬರೆಸಿ. ಜಮೀನಿನಲ್ಲಿ ನಿಮ್ಮ ಅವಿಭಜಿತ ಪಾಲು ಎಷ್ಟು ಚದರಡಿ ಎಂಬುದೂ ಪತ್ರದಲ್ಲಿರಲಿ. ಕಟ್ಟಡ ಹಳತಾದಂತೆ ಬೆಲೆ ಉಳಿಯುವುದು ಅದಕ್ಕೆ.

ಬಾಡಿಗೆಯ ಲೆಕ್ಕ ಹೀಗೆ ಮಾಡಿ. ತಿಂಗಳಿಗೆ 22,000 ಬಂದರೆ ವರ್ಷಕ್ಕೆ 2,64,000. ವರ್ಷದಲ್ಲಿ ಒಂದು ತಿಂಗಳು ಖಾಲಿ ಎಂದು 22,000, ಕಂದಾಯ, ರಿಪೇರಿ, ನೀವೇ ಕಟ್ಟುವ ನಿರ್ವಹಣಾ ವೆಚ್ಚಕ್ಕೆ 40,000 ಕಳೆದರೆ 2,02,000. ನೋಂದಣಿ ಖರ್ಚು ಸೇರಿ ಸುಮಾರು 81 ಲಕ್ಷ ಹಾಕಿದ್ದಕ್ಕೆ ಶೇ. 2.5. ಶೇ. 8.5ರ ಸಾಲ ತೆಗೆದು ಇದನ್ನು ಕೊಳ್ಳುವುದೆಂದರೆ ಪ್ರತಿ ತಿಂಗಳೂ ಕೈಯಿಂದ ಹಾಕುತ್ತ, ಬೆಲೆ ಏರುತ್ತದೆಂದು ಕಾಯುವುದು. ಎರಡು ವರ್ಷ ಕಳೆದು ಮಾರಿದರೆ ಲಾಭದ ಮೇಲೆ ಶೇ. 12.5 ತೆರಿಗೆ, ಹಣದುಬ್ಬರದ ಹೊಂದಾಣಿಕೆ ಇಲ್ಲ. ಆ ಹೊಂದಾಣಿಕೆ ಪಡೆಯಲು 2024ರ ಜುಲೈ 23ಕ್ಕೆ ಮೊದಲು ಕೊಂಡವರಿಗಿರುವ ಆಯ್ಕೆ ನಿಮಗೆ ಸಿಗದು. ನೀವೇ ವಾಸಿಸುವುದಾದರೆ ಮಾತು ಬೇರೆ. ಬರೀ ಬಾಡಿಗೆಗಾಗಿ ನಾವು ಕೊಳ್ಳಿ ಎನ್ನುವುದಿಲ್ಲ.

ಪ್ರಶ್ನೆ: ಗೃಹಸಾಲ ತೀರಿಸಿ ಎರಡು ತಿಂಗಳಾಯಿತು. ಮೂಲಪತ್ರ ಕೇಂದ್ರ ಕಚೇರಿಯಿಂದ ಬರಬೇಕು ಎನ್ನುತ್ತಲೇ ಇದ್ದಾರೆ.
— ಓದುಗರು, ಶಿವಮೊಗ್ಗ

ರಿಸರ್ವ್ ಬ್ಯಾಂಕಿನ ಆದೇಶದಂತೆ 2023ರ ಡಿಸೆಂಬರ್ 1ರಿಂದ ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲಪತ್ರ ಹಿಂದಿರುಗಿಸಬೇಕು. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ನಿಮಗೆ ಪರಿಹಾರ ಕೊಡಬೇಕು. ಸಾಲ ತೀರಿದ ದಿನಾಂಕವನ್ನೂ ಈ ನಿಯಮವನ್ನೂ ಬರೆದು ಶಾಖೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನ್ ದೂರು ಕೊಡಬಹುದು, ಶುಲ್ಕವಿಲ್ಲ.

ಪತ್ರ ಕೈಗೆ ಬಂದಾಗ ಸಾಲ ಪಡೆಯುವಾಗ ಕೊಟ್ಟ ಪಟ್ಟಿಯೊಂದಿಗೆ ಪುಟಪುಟ ಹೋಲಿಸಿ ಸಹಿ ಹಾಕಿ. ಅಡಮಾನ ಪತ್ರ ನೋಂದಣಿಯಾಗಿದ್ದರೆ ಅದರ ಬಿಡುಗಡೆಯೂ ನೋಂದಣಿಯಾಗಬೇಕು. ಇಲ್ಲದಿದ್ದರೆ ಇ.ಸಿ.ಯಲ್ಲಿ ಆ ಸಾಲ ಹಾಗೆಯೇ ಉಳಿದಿರುತ್ತದೆ. ಸರ್ಸಾಯ್‌ನಲ್ಲಿ ತೀರುವಳಿ ನಮೂದಿಸಲೂ ಬ್ಯಾಂಕಿಗೆ ಹೇಳಿ, ಒಂದು ತಿಂಗಳು ಬಿಟ್ಟು ಹೊಸ ಇ.ಸಿ. ತೆಗೆಸಿ ನೋಡಿ.